ಬಜೆಟ್ ದಿನದ ಕೈಬದಲು ಎಣ್ಣೆ

ಬೆಂಕಿಯೆಂದರೆ ನನಗೆ ಚಿಕ್ಕಂದಿನಿಂದಲೂ ಭಯ. ತವರಿನಲ್ಲಿ ನನ್ನನ್ನು ಪುಕ್ಕಲಿ ಎಂದೇ ಕರೆಯುತ್ತಿದ್ದರು. ಒಲೆ ಊದುವಾಗ ಕಿಡಿ ಹಾರಿದರೆ ಹಿಂದಕ್ಕೆ ನೆಗೆಯುತ್ತಿದ್ದೆ. ಅಂಥವಳನ್ನು ಹುಡುಕಿ ಹುಡುಕಿ, ಮೈತುಂಬ ಪೆಟ್ರೋಲು ವಾಸನೆ ಹೊಡೆಯುವ ಗಂಡಸಿಗೆ ಕಟ್ಟಿದರು.

ನಮ್ಮ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ಕಾಲಕ್ಕೆ ಗಂಟುಮೂಟೆ ಕಟ್ಟಿ ಹೊರಟ ಒಬ್ಬ ಬಿಳಿ ದೊರೆ ಮಾರಿಹೋದ ಕಾರು ಅದು. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ನಿಲ್ಲಿಸಿಕೊಂಡು, ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ತಪ್ಪಿಸಿಕೊಂಡವರನ್ನು ರಾಬರ್ಟ್‌ಸನ್‌ಪೇಟೆಗೆ ಬಿಡುವುದು, ಅಲ್ಲಿಂದ ಕ್ಯಾಸಂಬಳ್ಳಿ ಕಡೆಯವರನ್ನು ಹತ್ತಿಸಿಕೊಂಡು ಬರುವುದು ಅವರ ದಿನದ ಕೆಲಸ. ಸೊಪ್ಪು ಮಾರುವ ಹೆಂಗಸರು, ಗಣಿಯ ಕೂಲಿಯವರು, ಆಸ್ಪತ್ರೆಗೆ ಹೋಗುವ ಮುದುಕರು ಒಬ್ಬರ ಮೇಲೊಬ್ಬರು ಕೂತು ಬರುತ್ತಿದ್ದರು. ಕ್ಯಾಸಂಬಳ್ಳಿ ದಾರಿಯಲ್ಲಿದ್ದ ನಮ್ಮ ಹಳ್ಳಿಗೆ ಬಂದಮೇಲೆ ಕಾರಿಗೂ ಅವರಿಗೂ ವಿಶ್ರಾಂತಿ.

ಪೆಟ್ರೋಲು ಕಾರಿನಲ್ಲಿ ಓಡಾಡುವ ಸಾಹುಕಾರರ ಸೊತ್ತು ಎಂದು ಸರ್ಕಾರ ತೀರ್ಮಾನ ಮಾಡಿಬಿಟ್ಟಿತ್ತು. ಬಜೆಟ್ ಬಂದಾಗಲೆಲ್ಲ ಅದರ ಮೇಲೊಂದು ತೆರಿಗೆ ಕೂರುತ್ತಿತ್ತು. ಸೀಮೆಎಣ್ಣೆ ಬಡವರ ದೀಪದ ಎಣ್ಣೆ ಎಂದು ಅದಕ್ಕೆ ರಿಯಾಯಿತಿ. ಇದನ್ನು ಕೇಳಿದರೆ ನಮ್ಮ ಮನೆಯವರಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಕಾರಿನಲ್ಲಿ ಕೂರುವವರಲ್ಲಿ ಒಬ್ಬ ಸಾಹುಕಾರನನ್ನು ತೋರಿಸಲಿ, ತೆರಿಗೆ ಕಟ್ಟುತ್ತೇನೆ ಎಂದು ಊಟಕ್ಕೆ ಕೂತಾಗಲೆಲ್ಲ ವಾದ ಹೂಡುತ್ತಿದ್ದರು. ಎದುರಿಗೆ ಕೂತು ಮುದ್ದೆ ಮುರಿಯುತ್ತಿದ್ದ ಅವರ ತಾಯಿಯೂ ನಾನೂ ಸರ್ಕಾರದ ಪರವಾಗಿ ಏನು ಹೇಳಬೇಕು?

ಬಾಯಲ್ಲಿ ವಾದ, ಕೈಯಲ್ಲಿ ಕಿತಾಪತಿ. ಪೆಟ್ರೋಲಿನಲ್ಲಿ ಕಾರು ಸ್ಟಾರ್ಟು ಮಾಡಿ, ಇಂಜಿನ್ನು ಬಿಸಿಯಾದ ಮೇಲೆ ಸೀಮೆಎಣ್ಣೆ ಬೆರೆಸಿ ಓಡಿಸುವುದನ್ನು ಆ ದಾರಿಯ ಡ್ರೈವರುಗಳೆಲ್ಲ ಕಲಿತಿದ್ದರು. ಕಾರು ಕೆಮ್ಮುತ್ತ, ಕಪ್ಪು ಹೊಗೆ ಬಿಡುತ್ತ ಬರುತ್ತಿತ್ತು. ಅವರು ರಬ್ಬರ್ ಕೊಳವೆಯನ್ನು ಬಾಯಿಗಿಟ್ಟು ಎಣ್ಣೆ ಹೀರಿ, ತುಪುಕ್ಕನೆ ಉಗಿದು, ಅದೇ ಬಾಯಲ್ಲಿ ಒಲೆಯ ಮುಂದೆ ಬಂದು ಕೂತರೆ ನಾನು ಒಲೆ ಬಿಟ್ಟು ಎದ್ದುಬಿಡುತ್ತಿದ್ದೆ. ಬಾಯಿ ತೊಳೆಯದೆ ಒಳಗೆ ಬರಬೇಡಿ ಎಂದು ಕಾಲು ಹಿಡಿಯುವುದೊಂದು ಬಾಕಿ.

ನಾನು ಹೇಳಹೊರಟಿರುವುದು ಒಂದು ಬಜೆಟ್ ದಿನದ ಮಾತು. ಅರವತ್ತರ ದಶಕ, ನನಗೆ ಮದುವೆಯಾಗಿ ಇನ್ನೂ ಮಕ್ಕಳಾಗಿರಲಿಲ್ಲ. ಈ ಸಲ ಪೆಟ್ರೋಲಿನ ದರ ಕೈಗೆ ಸಿಗದಷ್ಟು ಏರುತ್ತದೆ, ಸೀಮೆಎಣ್ಣೆಯನ್ನೂ ಬಿಡುವುದಿಲ್ಲ ಎಂದು ಬಂಗಾರಪೇಟೆಯ ಹೋಟೆಲುಗಳಲ್ಲಿ ಸುದ್ದಿ ಹಬ್ಬಿತ್ತು. ಸಂಜೆ ರೇಡಿಯೋದಲ್ಲಿ ಹೇಳುವವರೆಗೆ ಯಾರಿಗೂ ಖಚಿತವಿಲ್ಲ. ಅಂಗಡಿಯವರು ಬೆಳಿಗ್ಗೆಯೇ ಸೀಮೆಎಣ್ಣೆಯ ಪೀಪಾಯಿಗೆ ಗೋಣಿತಾಟು ಹೊದಿಸಿ, ಸ್ಟಾಕಿಲ್ಲ ಎಂದು ಕೈ ಆಡಿಸಿದರು.

ಮಧ್ಯಾಹ್ನ, ಅತ್ತೆ ಜಗಲಿಯಲ್ಲಿ ಮಲಗಿದ್ದಾಗ, ಮನೆಯವರು ಬಂದವರೇ ಕಾರನ್ನು ಹಿತ್ತಿಲ ಬಾಗಿಲಿಗೆ ತಂದು ನಿಲ್ಲಿಸಿದರು. ಹಳೆಯ ಸೀಮೆಎಣ್ಣೆ ಡಬ್ಬಗಳಲ್ಲಿ ಪೆಟ್ರೋಲು ತುಂಬಿಸಿಕೊಂಡು ಬಂದಿದ್ದರು. ಗುರುತಿನ ಬಂಕಿನವನು ಹಳೇ ದರದಲ್ಲಿ ಕೊಟ್ಟಿದ್ದನಂತೆ. ಡಬ್ಬಗಳನ್ನು ಒಂದೊಂದಾಗಿ ಹೊತ್ತು ತಂದು, ಒಳಕೋಣೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಪಕ್ಕ, ನಮ್ಮ ಮನೆ ಖರ್ಚಿನ ಸೀಮೆಎಣ್ಣೆ ಡಬ್ಬದ ಸಾಲಿಗೇ ಇಟ್ಟರು. ನನ್ನ ಮುಖ ನೋಡಿ ತಗ್ಗಿದ ದನಿಯಲ್ಲಿ, "ಯಾರ್‌ಗೂ ಏಳ್ಬ್ಯಾಡ. ಅಮ್ಮನ್‌ಗೂ ಏಳ್ಬ್ಯಾಡ. ಅಮ್ಮನ ಬಾಯಾಗೆ ಮಾತು ನಿಲ್ಲಾಕಿಲ್ಲ. ಪೊಲೀಸ್ನೋರ್‌ಗೆ ಗೊತ್ತಾದ್ರೆ ಲೈಸೆನ್ಸು ಓಯ್ತದೆ," ಎಂದರು. ಇನ್ನೊಂದು ಸುತ್ತು ತರಬೇಕೆಂದು ಹಾಗೆಯೇ ಹೊರಟುಹೋದರು.

ನನಗೆ ಒಳಗೆ ನಿಲ್ಲಲಾಗಲಿಲ್ಲ. ಡಬ್ಬಗಳ ಮೇಲೆ ಒದ್ದೆ ಗೋಣಿ ಹಾಕಿದೆ. ಒಳಗಿನ ಒಲೆಗೆ ನೀರು ಸುರಿದು, ಹಿತ್ತಿಲಲ್ಲಿ ದೂರಕ್ಕೆ ಮೂರು ಕಲ್ಲಿಟ್ಟು ಅಲ್ಲಿ ಸಾರು ಕುದಿಸಿದೆ. ಸೆಕೆ ಎಂದು ಅತ್ತೆಗೆ ಸುಳ್ಳು ಹೇಳಿದೆ. ಶಿವರಾತ್ರಿಯ ಚಳಿ ಇನ್ನೂ ಇಳಿಯದ ಆ ದಿನಗಳಲ್ಲಿ ನನ್ನ ಸೆಕೆಯನ್ನು ಕೇಳಿ ಅತ್ತೆ ಒಂದು ಥರ ನಕ್ಕು, ನನ್ನ ಹೊಟ್ಟೆಯ ಕಡೆ ನೋಡಿದರು. ಅವರ ಆಸೆಯೇ ಬೇರೆ.

ಅತ್ತೆಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆ. ಬಾಯಿ ಜಾಸ್ತಿ, ನಿಜ. ಕೈ ಅದಕ್ಕಿಂತ ಧಾರಾಳ. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಎಣ್ಣೆ ಹೊಸ್ತಿಲು ದಾಟಬಾರದು. ಆದ್ದರಿಂದ ಕೈಬದಲು ಬೇಕಾದವರು ಹೊತ್ತು ಮುಳುಗುವ ಮುಂಚೆಯೇ ಸೀಸೆ ಹಿಡಿದು ಬರುತ್ತಿದ್ದರು. ಆ ಹೊತ್ತಿನಲ್ಲಿ ದೀಪಕ್ಕೆಂದು ಬಂದವರಿಗೆ ಇಲ್ಲ ಎನ್ನುವಂತೆಯೂ ಇಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಎಣ್ಣೆ ಮುಗಿದರೂ ಮೊದಲು ನೆನಪಾಗುತ್ತಿದ್ದುದು ನಮ್ಮ ಅತ್ತೆಯೇ. ನಶ್ಯ ಏರಿಸಿ ಏರಿಸಿ ಅವರ ಮೂಗು ಸತ್ತುಹೋಗಿತ್ತು. ಹಾಲು ಸೀದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಸಂಜೆ ನಾನು ಕೆರೆಯಂಗಳದಿಂದ ಹಸು ಹೊಡೆದುಕೊಂಡು ಬಂದೆ. ಅತ್ತೆ ಜಗಲಿಯ ಮೇಲೆ ಕೂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಅಂಗಡಿಯವನು ಎಲ್ಲರನ್ನೂ ಬರಿಗೈಯಲ್ಲಿ ಕಳಿಸಿದನಂತೆ, ಪಾಪ ಮೇಲಿಂದ ಮೇಲೆ ಬಂದರು, ಎಲ್ಲರಿಗೂ ಅಷ್ಟಷ್ಟು ಕೊಟ್ಟೆ ಎಂದು ಸಂತೋಷದಿಂದ ವರದಿ ಒಪ್ಪಿಸಿದರು. ಯಾವ ಡಬ್ಬದಿಂದ ಎಂದು ಕೇಳಿದೆ.

"ತಳದಾಗಿನ್ ಎಣ್ಣೇಲಿ ತುಕ್ಕು ಐತೆ ಕಣಮ್ಮ," ಎಂದರು. "ಬಾಣಂತಿ ಮನೇಗೆ ಅದನ್ ಕೊಡಾಕಾಯ್ತದಾ? ತುಂಬಿದ್ ಡಬ್ಬ ತೆಗ್ದು ಕೊಟ್ಟೆ."

ಓಡಿದೆ. ಹಸುವಿನ ಹಗ್ಗ ಇನ್ನೂ ಕೈಯಲ್ಲೇ ಇತ್ತು. ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಬಾಣಂತಿಯ ಮನೆ ಬೀದಿಯ ಕೊನೆಯಲ್ಲಿ. ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದ ಹುಡುಗಿ, ನನಗಿಂತ ಚಿಕ್ಕವಳು. ಹಸುಗೂಸು. ಬಾಣಂತಿ ಕೋಣೆಗೆ ಕಿಟಕಿಯಿಲ್ಲ, ಬಾಗಿಲಿಗೆ ಕಂಬಳಿ, ಮಂಚದ ಕೆಳಗೆ ಮಡಕೆ ತುಂಬ ಕೆಂಡ, ಅದರ ಮೇಲೆ ಸಾಂಬ್ರಾಣಿ. ಇದೆಲ್ಲ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಸೂರ್ಯ ಮುಳುಗಿ ಆಗಿತ್ತು. ಯಾವ ಮನೆಯಲ್ಲಿ ಯಾವ ಕ್ಷಣದಲ್ಲಿ ಕಡ್ಡಿ ಗೀರುತ್ತಾರೋ ಎಂದು ಕಿವಿಯೆಲ್ಲ ಬಾಗಿಲುಗಳ ಕಡೆಗಿತ್ತು. ದೇವರೇ, ಇನ್ನು ಸ್ವಲ್ಪ ಹೊತ್ತು ಯಾರೂ ಹಚ್ಚದಿರಲಿ ಎಂದು ಬಾಯಿಬಿಟ್ಟೇ ಬೇಡುತ್ತ ಓಡಿದೆ.

ಬಾಣಂತಿಯ ತಾಯಿ ಬಾಗಿಲಲ್ಲೇ ಇದ್ದಳು. ಅಕ್ಕ, ಆ ಎಣ್ಣೆ ವಾಪಸ್ಸು ಕೊಡಿ ಎಂದೆ. ಅವಳ ಮುಖ ಕಪ್ಪಿಟ್ಟಿತು. ದೀಪ ಹಚ್ಚುವ ಹೊತ್ತಿಗೆ ಕೊಟ್ಟ ಎಣ್ಣೆಯನ್ನು ಬಂದು ಕೇಳುವುದು, ಅದೂ ಬಾಣಂತಿ ಮಲಗಿರುವ ಮನೆಯಲ್ಲಿ, ಎಂಥ ಅಪಶಕುನ ಎಂದು ನನಗೆ ಗೊತ್ತಿರಲಿಲ್ಲವೇ?

"ನಾಳೆ ರೇಟು ಏರ್ತದೆ ಅಂತ ಓಡ್ಬಂದಾ?" ಎಂದಳು. "ನಿಮ್ಮತ್ತೆ ಕೊಟ್ಟಿದ್ದನ್ನ ನೀನು ಕಿತ್ಕೊಳ್ಳಾಕೆ ಬಂದಾ?"

ಅಕ್ಕಪಕ್ಕದವರು ಹೊರಗೆ ಬಂದರು. ಕಾರಿನವರಿಗೆ ಎಷ್ಟಿದ್ದರೂ ಸಾಲದು ಎಂದು ಒಬ್ಬಳು ತೆಲುಗಿನಲ್ಲಿ ಅಂದದ್ದು ಕೇಳಿಸಿತು. ಸೀಮೆಎಣ್ಣೆಯಲ್ಲ ಎಂದು ಹೇಳಿದರೆ ಮತ್ತೇನು ಎಂದು ಕೇಳುತ್ತಾರೆ. ಪೊಲೀಸರಿಗೆ ಗೊತ್ತಾದರೆ ಲೈಸೆನ್ಸು ಹೋಗುತ್ತದೆ ಎಂದು ಮನೆಯವರು ಹೇಳಿದ್ದರು. ಗಂಡನ ಭಯ ಒಂದು ಕಡೆ, ಬೆಂಕಿಯ ಭಯ ಒಂದು ಕಡೆ. ನಾನು ಬೆಂಕಿಗೇ ಹೆಚ್ಚು ಹೆದರುವವಳು.

"ಅದು ಸೀಮೆಎಣ್ಣೆ ಅಲ್ಲ ಅಕ್ಕ, ಪೆಟ್ರೋಲು. ನಮ್ ಮನೆ ತುಂಬ ಪೆಟ್ರೋಲು ಐತೆ," ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ.

ಅವಳು ಒಳಕ್ಕೆ ಕೈ ತೋರಿಸಿದಳು. ಲಾಟೀನಿಗೆ ತುಂಬಿಸಿ ಒಳಗಿಟ್ಟಾಗಿತ್ತು. ಮಗುವಿಗೆ ಹಾಲು ಕುಡಿಸಿ ಆಗಲಿ, ಆಮೇಲೆ ಹಚ್ಚೋಣ ಎಂದು ಮಗಳು ಹೇಳಿದ್ದಳಂತೆ. ತಾಯಿ ಬಾಗಿಲು ಬಿಟ್ಟು ಸರಿದಳು. ನಾನು ಕಂಬಳಿ ಸರಿಸಿ ಒಳಗೆ ಹೋದೆ. ಕಾಲು ತೊಳೆಯದೆ ಬಾಣಂತಿ ಕೋಣೆಗೆ ಯಾರೂ ಹೋಗುವುದಿಲ್ಲ. ಕೊಟ್ಟಿಗೆಯ ಕಾಲಲ್ಲೇ ಹೋದೆ. ಸಾಂಬ್ರಾಣಿಯ ಹೊಗೆಯಲ್ಲಿ ಬೇರೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಮಂಚದ ಕೆಳಗೆ ಕೆಂಡ ಕೆಂಪಗಿತ್ತು. ಮಂಚದ ಕಾಲಿನ ಹತ್ತಿರವೇ ಲಾಟೀನು. ಎತ್ತಿಕೊಂಡಾಗ ತಳದಿಂದ ಜಿನುಗಿದ ಪೆಟ್ರೋಲು ಬೆರಳಿಗೆ ಮಂಜಿನಷ್ಟು ತಣ್ಣಗೆ ತಾಗಿತು. ಆ ತಂಪಿನಷ್ಟು ನನ್ನನ್ನು ಹೆದರಿಸಿದ್ದು ಬೇರೆ ಯಾವುದೂ ಇಲ್ಲ. ಬಾಣಂತಿ ನನ್ನನ್ನೇ ನೋಡುತ್ತ ಮಗುವಿನ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಒಂದು ತೊಟ್ಟು ಕೆಂಡಕ್ಕೆ ಬಿದ್ದರೆ ಮೂವರೂ ಇಲ್ಲ. ಹೊರಬಂದು, ಉಳಿದ ಎಣ್ಣೆಯ ಸೀಸೆಯನ್ನೂ ಬಾಣಂತಿಯ ತಾಯಿಯಿಂದ ಇಸಿದುಕೊಂಡೆ. ಮನೆಗಳನ್ನೆಲ್ಲ ದಾಟಿ, ಉತ್ತಿದ್ದ ಹೊಲದ ನಡುವೆ ಲಾಟೀನನ್ನೂ ಸೀಸೆಯನ್ನೂ ಇಟ್ಟು, ಅಲ್ಲೇ ಕೂತು ಬೆರಳುಗಳನ್ನು ಮಣ್ಣಿನಲ್ಲಿ ಉಜ್ಜಿಕೊಂಡೆ.

ಅಷ್ಟಕ್ಕೆ ಮುಗಿಯಲಿಲ್ಲ. ಅತ್ತೆ ಏದುಸಿರು ಬಿಡುತ್ತ ಹಿಂದೆಯೇ ಬಂದಿದ್ದರು. ಯಾರ್ಯಾರು ಬಂದಿದ್ದರೆಂದು ಅವರಿಗೆ ನೆನಪಿತ್ತು. ಯಾರಿಗೆ ಯಾವ ಡಬ್ಬದ ಎಣ್ಣೆ ಎಂಬುದು ಮಾತ್ರ ನೆನಪಿರಲಿಲ್ಲ. ತುಂಬಿದ ಡಬ್ಬದ ಮುಚ್ಚಳ ತೆಗೆದ ಮೇಲೆ ಬಂದವರು ಎಷ್ಟು ಜನ, ಮುಂಚೆ ಬಂದವರು ಎಷ್ಟು ಜನ? ನೆನಪು ಮಾಡಿಕೊಳ್ಳಿ ಅತ್ತೆ ಎಂದು ನಾನು ತೋಳು ಹಿಡಿದು ಅಲುಗಿಸಿದಷ್ಟೂ ಅವರಿಗೆ ಇದ್ದ ನೆನಪೂ ಕಲಸಿಹೋಯಿತು. ನಾವಿಬ್ಬರೂ ಬೀದಿಯ ಈ ತುದಿಯಿಂದ ಆ ತುದಿಗೆ, ಯಾರೂ ದೀಪ ಹಚ್ಚಬೇಡಿ, ಒಲೆ ಆರಿಸಿ ಎಂದು ಕೂಗುತ್ತ ಹೋದೆವು. ಎಣ್ಣೆ ಒಯ್ಯದವರೂ ಹೆದರಿ ಹಚ್ಚಿದ್ದನ್ನು ಆರಿಸಿದರು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಹೊರಗೆ ಬಂದು ನಿಂತರು. ದೂರದಲ್ಲಿ ಮೈಸೂರು ಮೈನ್ಸ್ ಎಂಬ ಗಣಿಯ ಕಡೆಯ ಕರೆಂಟು ದೀಪಗಳ ಬೆಳಕು ಆಕಾಶಕ್ಕೆ ಬಡಿದಿತ್ತು. ನಮ್ಮ ಬೀದಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಆ ಕತ್ತಲೆಗೆ ನಮ್ಮ ಮನೆಯವರ ಕಾರು ಬಂತು. ಇಳಿದವರು ಜನರನ್ನು ನೋಡಿದರು, ನನ್ನನ್ನು ನೋಡಿದರು. "ಬಾಯಿ ಬಿಟ್ಟಾ?" ಎಂದರು. ಬಿಟ್ಟೆ ಎಂದೆ. ಹೊಡೆಯುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ ಅಭ್ಯಾಸಬಲದಿಂದ ಬೀಡಿಗೆ ಕಡ್ಡಿ ಗೀರಲು ಹೋದ. ಇವರು ಹಾರಿ ಅವನ ಕೈಗೆ ಬಡಿದರು. ಕಡ್ಡಿಪೆಟ್ಟಿಗೆ ಮಣ್ಣಿಗೆ ಬಿತ್ತು. ಅತ್ತೆ ತಾವು ಎಣ್ಣೆ ಹಂಚಿದ್ದನ್ನು ಹೇಳಿದರು. ಕಾರಿನ ದೀಪವನ್ನು ಬೀದಿಯುದ್ದಕ್ಕೂ ಬಿಟ್ಟು, ತಾವೇ ಒಂದೊಂದು ಮನೆಯಿಂದ ಸೀಸೆ, ಬುಡ್ಡಿಗಳನ್ನು ಹೊರಗೆ ತರಿಸಿ ಮೂಸಿ ನೋಡಿದರು. ಪೆಟ್ರೋಲು ಇನ್ನೊಂದು ಮನೆಯಲ್ಲಿ ಸಿಕ್ಕಿತು. ಆ ಹೆಂಗಸು ಬುಡ್ಡಿಗೆ ತುಂಬಿಸಿ, ಬತ್ತಿ ಅದ್ದಿ, ಗಂಡನ ದಾರಿ ಕಾಯುತ್ತ ಕೂತಿದ್ದಳು. ಮನೆಯಲ್ಲಿ ಬೆಂಕಿಪೊಟ್ಟಣ ಮುಗಿದಿತ್ತಂತೆ.

ಡಬ್ಬಗಳನ್ನೆಲ್ಲ ಕಾರಿಗೆ ಹಾಕಿಕೊಂಡು ಅವರು ಊರಾಚೆ ಒಯ್ದರು. ರೇಡಿಯೋದಲ್ಲಿ ದರ ಏರಿದ್ದನ್ನು ಹೇಳಿದರಂತೆ. ಎಷ್ಟು ಏರಿತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಬೀದಿಯವರು ದೊಡ್ಡ ಮನಸ್ಸಿನವರು, ಪೊಲೀಸರ ಕಿವಿಗೆ ಹಾಕಲಿಲ್ಲ. ಮಾರನೆಯ ದಿನ ಮಗ ಮನೆಗೆ ಬಂದಾಗ ಅತ್ತೆ ಒಂದೇ ಮಾತು ಕೇಳಿದರು.

"ನನ್ಗೆ ಒಂದ್ ಮಾತು ಏಳ್ಬಾರ್ದಾಗಿತ್ತೇನ್ಲಾ?"

ಅವರು ತಲೆ ತಗ್ಗಿಸಿದರು.

ಕೆಲವು ದಿನಗಳ ಮೇಲೆ ಮಗುವನ್ನು ತೊಟ್ಟಿಲಿಗೆ ಹಾಕಿದರು. ನಮ್ಮನ್ನು ಕರೆಯಲಾರರು ಎಂದುಕೊಂಡಿದ್ದೆ. ಬಾಣಂತಿಯ ತಾಯಿಯೇ ಬಂದು ಕುಂಕುಮ ಇಟ್ಟು ಕರೆದಳು. ಅತ್ತೆ ಬಾಗಿಲ ಬಳಿ ಮುದುಡಿ ಕೂತಿದ್ದರು. ಮೊದಲು ದೊಡ್ಡವರು ಎತ್ತಿಕೊಳ್ಳಲಿ ಎಂದು ಬಾಣಂತಿ ಎದ್ದು ಬಂದು, ಮಗುವನ್ನು ಅವರ ಮಡಿಲಿಗೆ ಚಾಚಿದಳು. ಊರಿನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ ಆ ಕೈಗಳು ಸೆರಗಿನೊಳಗೆ ಹೋದವು.

"ಬ್ಯಾಡಮ್ಮ," ಎಂದರು ಅತ್ತೆ. "ಪಾಪೂನ ನನ್ ಕೈಗೆ ಕೊಡ್ಬ್ಯಾಡ. ನನ್ಗೆ ಬಯ ಆಯ್ತದೆ."

ಬಾಣಂತಿ ಮಗುವನ್ನು ಚಾಚಿಕೊಂಡು ನಿಂತೇ ಇದ್ದಳು. ಅತ್ತೆ ಕೈ ಹೊರಗೆ ತೆಗೆಯಲಿಲ್ಲ.