ಶಾಲೆ ದಾರಿಯ ನಡುವೆ ಹಾಕಿದ ರಂಗೋಲಿ

ಎರಡು ವರ್ಷದ ಹಿಂದಿನ ಶ್ರಾವಣದ ಮಾತು. ನಮ್ಮ ಶಹಾಬಾದಿನಲ್ಲಿ ಜನ ನಡೆದಾಡಲು, ಸೈಕಲ್ ತುಳಿಯಲು ಸುರಕ್ಷಿತ ದಾರಿ ಮಾಡಬೇಕೆಂದು ನಗರಸಭೆಯವರು ಒಂದು ಕಾರ್ಯಕ್ರಮ ಶುರು ಮಾಡಿದ್ದರು. ವಾರ್ಡಿಗೊಬ್ಬರು ಸಂಯೋಜಕರು ಬೇಕಿತ್ತು. ಅದರ ಸಭೆಗೆ ನಾನು ಹೋಗಿದ್ದು ನಳದ ನೀರು ಸರಿಯಾಗಿ ಬರುತ್ತಿಲ್ಲ ಎಂದು ಹೇಳಲು. ಎಂಜಿನಿಯರ್ ಸಾಹೇಬರು "ಈ ಜವಾಬ್ದಾರಿ ಯಾರ್ ತಗೋತೀರಿ?" ಎಂದು ಕೇಳಿದ್ದೇ ತಡ, ಗಂಡಸರೆಲ್ಲ ತಲೆ ಬಗ್ಗಿಸಿ ಮೊಬೈಲ್ ನೋಡತೊಡಗಿದರು. ಹಿಂದಿನ ಸಾಲಿನಿಂದ ಯಾರೋ, "ಅಕ್ಕಾರು ದಿನಾ ಮನ್ಯಾಗೇ ಇರ್ತಾರ, ಅವರ ಹೆಸರ ಬರ್ಕೊಳ್ರಿ" ಅಂದರು.

"ಮನ್ಯಾಗ ಇರೋರಿಗೆ ಕೆಲಸ ಇರಂಗಿಲ್ಲಂತ ಯಾರ್ ಹೇಳ್ಯಾರ್ರಿ ನಿಮಗ?" ಎಂದೆ. ಎಲ್ಲರೂ ನಕ್ಕರು. ನಕ್ಕು ನನ್ನ ಹೆಸರನ್ನೇ ಬರೆದುಕೊಂಡರು.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಚಾಷ್ಟಿ ಮಾಡಿದರು. "ನಿನಗ ಸೈಕಲ್ ಹೊಡಿಲಿಕ್ಕೇ ಬರಂಗಿಲ್ಲ. ಊರ ಸೈಕಲಿಗೆಲ್ಲಾ ನೀನೇ ಲೀಡರ್ ಆದೇನು?"

"ನಡಿಲಿಕ್ಕೆ ಬರ್ತದಲ್ರಿ, ಅಷ್ಟು ಸಾಕು."

ಅಂದದ್ದು ಧೈರ್ಯದಿಂದಲೇ. ಆದರೆ ಮರುದಿನ ಇಷ್ಟಲಿಂಗ ಪೂಜೆಗೆ ಕುಳಿತಾಗ, "ತಂದೆ, ಮಂದಿ ಮುಂದೆ ನಗೆಪಾಟಲು ಮಾಡಬೇಡ" ಎಂದು ಬೇಡಿಕೊಂಡೆ.

ನನ್ನ ಪಾಲಿಗೆ ಬಂದದ್ದು ನಮ್ಮ ಓಣಿಯಿಂದ ಸರಕಾರಿ ಶಾಲೆಗೆ ಹೋಗುವ ದೊಡ್ಡ ರಸ್ತೆ. ಅದರ ಎರಡೂ ಬದಿಗೆ ಕಲ್ಲು ಪಾಲಿಶ್ ಮಾಡುವ ಯಾರ್ಡುಗಳು. ಮಾಲೀಕರು ಗಿರಾಕಿಗಳಿಗೆ ಕಾಣಲೆಂದು ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ರಸ್ತೆ ಅಂಚಿಗೇ ಸಾಲಾಗಿ ಒರಗಿಸಿ ಇಡುತ್ತಿದ್ದರು. ನಡೆಯುವವರು, ಸೈಕಲ್ಲಿನವರು ಆ ಕಲ್ಲು ಬಳಸಿಕೊಂಡು ನಡುರಸ್ತೆಗೆ ಇಳಿಯಬೇಕು. ಅಲ್ಲಿ ಲಾರಿಗಳು.

ಮೊದಲ ಕೆಲಸ ಕಲ್ಲು ಸರಿಸುವುದು. ಎದುರು ಮನೆಯ ಮಹಾದೇವಿಯನ್ನು ಕರೆದುಕೊಂಡು ಒಂದೊಂದೇ ಯಾರ್ಡಿಗೆ ಹೋದೆ. ಒಬ್ಬ ಮಾಲೀಕರು ಕುರ್ಚಿ ಹಾಕಿ, ಚಹಾ ತರಿಸಿ, "ಕಲ್ಲ ಒಳಗ ಇಟ್ರ ಗಿರಾಕಿಗೆ ಹ್ಯಾಂಗ ಕಾಣಬೇಕ್ರಿ ಅಕ್ಕಾರ?" ಎಂದು ಕೇಳಿದರು.

"ನಿಮ್ಮ ಕಲ್ಲ ಹೈದರಾಬಾದಿನವರಿಗೂ ಗೊತ್ತದ. ನಮ್ಮ ಮಕ್ಕಳು ಲಾರಿಯವನಿಗೆ ಕಾಣವಲ್ವು, ಅದು ಹೇಳ್ರಿ ಮೊದಲ" ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು ಹಮಾಲರನ್ನು ಕರೆದರು. ಒಬ್ಬರು ಸರಿಸಿದ ಮೇಲೆ ಪಕ್ಕದವರಿಗೂ ನಾಚಿಕೆಯಾಯಿತು. ಹೀಗೆ ರಸ್ತೆ ಅಂಚಿಗೆ ಒಂದು ಸೈಕಲ್ ಹೋಗುವಷ್ಟು ಜಾಗ ಸಿಕ್ಕಿತು. ಅಂದು ನನಗಾದ ಹಿಗ್ಗು ಇಷ್ಟಿಷ್ಟಲ್ಲ.

ಕಷ್ಟವಾದದ್ದು ರಸ್ತೆ ದಾಟುವ ಜಾಗ. ಶಾಲೆಯ ಎದುರಿಗೆ ಡಿವೈಡರಿನಲ್ಲಿ ಒಂದು ಗ್ಯಾಪ್ ಇತ್ತು. ಮಕ್ಕಳು, ಮುದುಕರು ಎಲ್ಲರೂ ಅಲ್ಲೇ ಹೆಂಗೆಂಗೋ ನುಗ್ಗಿ ದಾಟುತ್ತಿದ್ದರು. ಎಂಜಿನಿಯರ್ ಸಾಹೇಬರು ಖಡಾಖಡಿ ಹೇಳಿದರು: "ಅಕ್ಕಾರ, ಇಲ್ಲಿ ಯಾರಿಗಾದ್ರೂ ಲಾರಿ ಬಡದ್ರ ನಾ ಏನ್ ಉತ್ತರ ಕೊಡ್ಲಿ? ಸದ್ಯಕ್ಕ ಸುಣ್ಣದ ಪಟ್ಟಿ ಹಾಕಿಸ್ತೀನಿ. ಮಂದಿ ಅದರ ಮ್ಯಾಲ ಸಾಲಾಗಿ ದಾಟಿದ್ರ ಪೇಂಟ್ ಮಾಡಿಸಿ ಹಂಪ್ ಹಾಕಸೋಣ. ಇಲ್ಲಂದ್ರ ಗ್ಯಾಪ್ ಮುಚ್ಚಿಬಿಡ್ತೀನಿ. ಎಲ್ಲಾರೂ ಮ್ಯಾಲಿನ ಬ್ರಿಜ್ ಕಡಿಂದ ತಿರುಗಿ ಬರ್ಲಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅದನ್ನು ಕೇಳಿ ಅಲ್ಲೇ ನಿಂತಿದ್ದ ಸುನಂದಾಳ ಮುಖ ಸಣ್ಣದಾಯಿತು.

ಸುನಂದಾ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ. ಬುದ್ಧ ವಿಹಾರದ ಹತ್ತಿರದ ಓಣಿಯವಳು. ಮೊಣಕಾಲು ನೋವಿನಿಂದ ಹೆಚ್ಚು ನಡೆಯಲಾಗದು. ಅದಕ್ಕೇ ಮಗಳ ಹಳೆಯ ಸೈಕಲ್ ಏರಿ ಬರುತ್ತಿದ್ದಳು. ಸಮತಟ್ಟು ದಾರಿಯಾದರೆ ಹೇಗೋ ತುಳಿಯುತ್ತಾಳೆ, ಬ್ರಿಜ್ಜಿನ ಏರು ಆಕೆಯಿಂದ ಆಗುವುದಲ್ಲ. "ಗ್ಯಾಪ್ ಮುಚ್ಚಿದ್ರ ನಾ ಅಡುಗಿ ಕೆಲಸ ಬಿಡಬೇಕಾಗ್ತದ ಅಕ್ಕಾರ" ಎಂದಳು. "ಬಿಟ್ಟು ಮನ್ಯಾಗ ಕುಂತು ಏನ್ ಮಾಡ್ಲಿ?"

ಸುಣ್ಣದ ಪಟ್ಟೆ ಹಾಕಿದರು. ರಾತ್ರಿ ಮಳೆ ಬಂದು ಅದು ಅರ್ಧ ತೊಳೆದುಹೋಯಿತು. ಮತ್ತೆ ಅವರನ್ನೇ ಕಾಯುವುದೇಕೆ, ನಾವೇ ರಂಗೋಲಿ ಪುಡಿಯಿಂದ ದಿನಾ ಬೆಳಿಗ್ಗೆ ಪಟ್ಟೆ ಎಳೆಯೋಣ ಎಂದು ಓಣಿಯ ಹೆಂಗಸರೆಲ್ಲ ಮಾತಾಡಿಕೊಂಡೆವು. ಬೆಳಗಾಗುತ್ತಲೇ ಡಬ್ಬಿ ಹಿಡಿದು ರಸ್ತೆಗೆ ಇಳಿದೆವು. ಯಜಮಾನರು ಮತ್ತು ಇನ್ನಿಬ್ಬರು ಗಂಡಸರು ಎರಡೂ ಕಡೆ ನಿಂತು ಗಾಡಿಗಳಿಗೆ ಕೈ ಅಡ್ಡ ಮಾಡಿದರು. ಬಿಳಿ ಪಟ್ಟೆಗಳು ಎದ್ದು ಕಂಡವು. ಆಗ ಮಹಾದೇವಿ ಸೊಂಟದ ಮೇಲೆ ಕೈ ಇಟ್ಟು ನಿಂತು, "ಶ್ರಾವಣದಾಗ ಬರೇ ಪಟ್ಟಿ ಎಳದು ಹೋದ್ರ ಹ್ಯಾಂಗರಿ? ಭಾಳ ಬೋಳು ಕಾಣ್ತದ" ಅಂದಳು.

ನನಗೂ ಹಾಗೇ ಅನ್ನಿಸಿತ್ತು. ಪಟ್ಟೆಗಳ ನಡುವೆ ಒಂದು ಕಮಲ ಬಂತು. ಕಮಲದ ಪಕ್ಕ ಬಿಲ್ವಪತ್ರೆ. ಅದರ ಸುತ್ತ ಬಳ್ಳಿ. ಯಾರೋ ಅರಿಷಿಣ ಕುಂಕುಮ ಏರಿಸಿದರು. ನೋಡನೋಡುತ್ತಿದ್ದಂತೆ ರಸ್ತೆಯ ಈ ಅಂಚಿನಿಂದ ಡಿವೈಡರಿನ ಹತ್ತಿರದ ತನಕ, ಒಂದು ಗಾಡಿ ಹಾಯುವಷ್ಟು ಜಾಗ ಬಿಟ್ಟು, ರಂಗೋಲಿಯೋ ರಂಗೋಲಿ. ಇಡೀ ಶಹಾಬಾದಿನಲ್ಲಿ ಇಷ್ಟು ಚಂದದ ರಸ್ತೆ ಇಲ್ಲ ಎಂದುಕೊಂಡೆವು. ಫೋಟೊ ಕೂಡ ತೆಗೆಸಿಕೊಂಡೆವು.

ಗಾಡಿ ತಡೆದಿದ್ದ ಗಂಡಸರು ಕೆಲಸಕ್ಕೆ ಹೊರಟುಹೋದ ಮೇಲೆ ಶಾಲೆಗೆ ಮಕ್ಕಳು ಬರತೊಡಗಿದರು. ಬಂದ ಮಕ್ಕಳೆಲ್ಲ ರಂಗೋಲಿಯ ಮುಂದೆ ಗಕ್ಕನೆ ನಿಂತರು. ಒಬ್ಬರೂ ಕಾಲಿಡಲಿಲ್ಲ! ಅಂಚಿಗೆ ಸರಿದು, ರಂಗೋಲಿಯನ್ನು ಸುತ್ತು ಹಾಕಿ, ಲಾರಿ ಬರುವ ಕಡೆಯಿಂದಲೇ ದಾಟತೊಡಗಿದರು. ಬಗಲಲ್ಲಿ ಚಪ್ಪಲಿ ಹಿಡಿದು ಬಂದ ಒಬ್ಬ ಮುದುಕಿ ರಂಗೋಲಿಗೆ ಕೈಮುಗಿದು, ಅದನ್ನು ಬಳಸಿಕೊಂಡೇ ಹೋದಳು.

"ತುಳೀರೋ, ಅದರ ಮ್ಯಾಲೇ ನಡೀರಿ!" ಎಂದು ನಾನು ಕೂಗಿದೆ.

"ಪಾಪ ಹತ್ತತದ್ರಿ ಆಯಿ" ಎಂದು ಒಂದು ಸಣ್ಣ ಹುಡುಗಿ ನನಗೇ ಬುದ್ಧಿ ಹೇಳಿತು.

ಅಷ್ಟರಲ್ಲಿ ಸುನಂದಾ ಬಂದಳು. ಸೈಕಲ್ ಇಳಿದು, ತಳ್ಳಿಕೊಂಡು, ಆಕೆಯೂ ಅಂಚಿನಿಂದ ಸುತ್ತು ಹಾಕಿದಳು. ಅದೇ ಹೊತ್ತಿಗೆ ಕಲ್ಲು ತುಂಬಿದ ಲಾರಿಯೊಂದು ಬಂತು. ಅದರ ಡ್ರೈವರ್ ಸಹ ರಂಗೋಲಿ ತುಳಿಯಬಾರದೆಂದು ಡಿವೈಡರ್ ಬದಿಯ ಆ ಅಂಚಿಗೇ ಗಾಡಿ ತಿರುಗಿಸಿದ. ಬ್ರೇಕಿನ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಸೈಕಲ್ಲಿನ ಹಿಂದಿನ ಗಾಲಿ ಸೊಟ್ಟಗಾಗಿ ಬಿದ್ದಿತ್ತು, ಸುನಂದಾ ಡಿವೈಡರ್ ಹಿಡಿದು ನಿಂತಿದ್ದಳು. ಆಕೆಗೆ ಒಂದು ತರಚು ಗಾಯವೂ ಆಗಿರಲಿಲ್ಲ. ದೇವರು ಗೇಣಿನ ಅಂತರದಲ್ಲಿ ಕೈ ಅಡ್ಡ ಹಿಡಿದ ಎಂದೇ ನಾನು ಇಂದಿಗೂ ನಂಬಿದ್ದೇನೆ.

ಸುದ್ದಿ ತಿಳಿದು ಎಂಜಿನಿಯರ್ ಸಾಹೇಬರು ಬಂದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಾಳೆ ಬೆಳಿಗ್ಗೆ ಖುದ್ದ ಬಂದು ನಿಲ್ತೀನ್ರಿ ಅಕ್ಕಾರ. ನಾಳೆನೂ ಹಿಂಗೇ ಆದ್ರ, ಗ್ಯಾಪ್ ಮುಚ್ಚಲೇಬೇಕು" ಎಂದು ಮೆತ್ತಗೆ ಹೇಳಿ ಹೋದರು.

ಸಂಜೆ ಸುನಂದಾಳ ಮನೆಗೆ ಹೋದೆ. ಆಕೆ ಚಹಾ ಕೊಟ್ಟಳು. ನಾನು ಬೈಯುವ ಹಾಗೆ ಕೇಳಿದೆ, "ನಿನಗಾದ್ರೂ ಬುದ್ಧಿ ಬ್ಯಾಡೇನು? ಮಕ್ಕಳಿಗೆ ತಿಳೀಲಿಲ್ಲ, ನೀನಾದ್ರೂ ರಂಗೋಲಿ ಮ್ಯಾಲ ಹಾದು ಬರಬೇಕಿಲ್ಲ?"

ಆಕೆ ಲೋಟ ನೋಡುತ್ತಾ ಹೇಳಿದಳು, "ಸಣ್ಣಾಕಿ ಇದ್ದಾಗ ಒಬ್ಬರ ಮನಿ ಮುಂದ ಗೊತ್ತಿಲ್ಲದೇ ರಂಗೋಲಿ ತುಳದಿದ್ದೆ ಅಕ್ಕಾರ. ಅವರು ನಮ್ಮವ್ವನ್ನ ಕರೆಸಿ, ಅಷ್ಟೂ ಜಾಗ ತೊಳೆಸಿದ್ರು. ಅವತ್ತಿಂದ ರಂಗೋಲಿ ಕಂಡ್ರ ನನ್ನ ಕಾಲು ತಾನೇ ಅಂಚಿಗೆ ಹೋಗ್ತದ."

ಎಲ್ಲರೂ ಒಂದೇ ಎಂದು ಕಲಿಸಿದ ಧರ್ಮದಲ್ಲಿ ಹುಟ್ಟಿ, ದಿನಾ ಲಿಂಗ ಕೈಯಲ್ಲಿ ಹಿಡಿದು ಕೂಡುವ ನಾನು ಆ ಚಹಾ ಮುಗಿಸಿ ತಲೆ ತಗ್ಗಿಸಿಕೊಂಡು ಎದ್ದೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ರಂಗೋಲಿ ಕಂಡು ಮಕ್ಕಳೂ ನಿಂತರು, ಲಾರಿಯೂ ಅಂಚಿಗೆ ಸರಿಯಿತು. ಎರಡಕ್ಕೂ ಭಯ ಒಂದೇ. ನಿಲ್ಲಬೇಕಾದವನು ಲಾರಿಯವನು, ನಡೆಯಬೇಕಾದವರು ನಾವು. ಹಾಗಿದ್ದ ಮೇಲೆ ರಂಗೋಲಿಯನ್ನು ನಡೆಯುವವರ ಕಾಲಡಿಗೆ ಹಾಕುವುದೇಕೆ? ಲಾರಿ ಬರುವ ದಿಕ್ಕಿಗೆ, ಪಟ್ಟೆಗಿಂತ ಮುಂಚೆ ಹಾಕಿದರೆ? ರಸ್ತೆ ತುಂಬ ಬೇಡ, ಎರಡು ಗಾಲಿಗಳ ನಡುವೆ ಹಾಯುವಷ್ಟು ಸಾಕು. ಅದನ್ನು ತುಳಿಯದೆ ದಾಟಬೇಕಾದರೆ ಡ್ರೈವರ್ ಗಾಡಿ ಸಾವಕಾಶ ಮಾಡಲೇಬೇಕು.

ಯಜಮಾನರಿಗೆ ಹೇಳಿದೆ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡು, "ಇದು ಎಂಜಿನಿಯರಿಗೆ ಹೇಳಬ್ಯಾಡ. ನೇರ ಮಾಡಿ ತೋರಸು" ಅಂದರು. ಅವರ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಮರುದಿನ ದೇವರ ದಯೆಯಿಂದ ಮಳೆ ಇರಲಿಲ್ಲ. ನಾನು ಸುನಂದಾಳನ್ನು ಬೇಗ ಬರಹೇಳಿದ್ದೆ. ಮಹಾದೇವಿ ಮತ್ತು ಉಳಿದವರು ಪಟ್ಟೆ ಎಳೆದರು, ಬರಿಯ ಪಟ್ಟೆ. ನಾನು ರಂಗೋಲಿ ಡಬ್ಬಿಯನ್ನು ಸುನಂದಾಳ ಕೈಗೆ ಕೊಟ್ಟೆ.

"ಬ್ಯಾಡ ಅಕ್ಕಾರ. ಯಾರರ ಏನರ ಅಂತಾರ."

"ಅನ್ನೋರು ಬರ್ಲಿ. ನಾ ಇಲ್ಲೇ ನಿಂತೀನಲ್ಲ."

ಮೊಣಕಾಲು ಮಡಚಲಾಗದೆ ಆಕೆ ಬಗ್ಗಿಯೇ ಚುಕ್ಕಿ ಇಟ್ಟಳು. ಆಮೇಲೆ ಆಕೆಯ ಕೈ ನಿಲ್ಲಲಿಲ್ಲ. ನಮ್ಮ ಯಾರ ಕೈಯಿಂದಲೂ ಅಂಥ ಎಳೆ ಬರುವುದಿಲ್ಲ. ಎಂಟು ದಳದ ಹೂವೊಂದು ಡಾಂಬರಿನ ಮೇಲೆ ಬಿರಿದು ಕುಳಿತಿತು.

ಮಹಾದೇವಿ ಬಾಯಿ ಬಿಟ್ಟು ನೋಡಿದಳು. "ಏ ಸುನಂದಾ, ಇಷ್ಟ ಚಂದ ಬರ್ತದಂದ್ರ ನಿನ್ನೆ ಯಾಕ ಬಂದಿಲ್ಲಬೇ?"

"ನೀವು ಕರದಿದ್ರ ಬರ್ತಿದ್ದೆ" ಎಂದಳು ಸುನಂದಾ, ತಲೆ ಎತ್ತದೆ.

ಮಹಾದೇವಿ ತಾನೇ ಹೋಗಿ ಕುಂಕುಮದ ಬಟ್ಟಲು ಹಿಡಿದು ಆಕೆಯ ಪಕ್ಕಕ್ಕೆ ನಿಂತಳು. "ಡಿವೈಡರಿನ ಆಕಡಿಗೂ ಒಂದ ಹಾಕ ನಡಿ. ಆಕಡಿಂದ ಬರೋ ಲಾರಿಯವರೇನು ಪಾಪ ಮಾಡ್ಯಾರ?"

ಎಂಜಿನಿಯರ್ ಸಾಹೇಬರು ಬಂದು ಯಾರ್ಡಿನ ಗೋಡೆಯ ಪಕ್ಕ ನಿಂತರು. ಮಕ್ಕಳ ಗುಂಪು ಬಂತು. ದೂರದಿಂದ ಒಂದು ಲಾರಿ ಬಂತು. ಜೋರಾಗಿಯೇ ಬಂತು. ರಂಗೋಲಿ ಕಾಣುತ್ತಲೇ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಹೂವಿನ ಮುಂದೆ ಬಂದು ನಿಂತೇ ಬಿಟ್ಟಿತು. ಡ್ರೈವರ್ ತಲೆ ಹೊರಗೆ ಹಾಕಿದ.

"ಏನವ್ವಾ ಇದು? ರೋಡಿನ್ಯಾಗೇ ಹಬ್ಬ ಹೂಡೀರಲ್ಲ!"

"ಮಕ್ಕಳು ದಾಟಲಿ ತಮ್ಮಾ. ಆಮ್ಯಾಲ ಎರಡೂ ಕಡಿ ಗಾಲಿ ಹಾಯಿಸಿ ಜ್ವಾಕಿಲೆ ತಗೊಂಡು ಹೋಗು. ತುಳೀಬ್ಯಾಡ ಮತ್ತ."

"ತುಳೀತೀನೇನವ್ವಾ? ದಿನಾ ಇದೇ ರೋಡಿನ್ಯಾಗ ಹೊಟ್ಟಿ ಹೊರಿಯಾವ ನಾ!" ಎಂದು ಅವನು ಎಂಜಿನ್ನೇ ಆರಿಸಿದ. ಅವನ ಹಿಂದೆ ಇನ್ನೊಂದು ಲಾರಿ ನಿಂತಿತು. ಅದರ ಹಿಂದೆ ಟೆಂಪೊ. ಮಕ್ಕಳು ಪಟ್ಟೆಯ ಮೇಲೆ ಸಾಲಾಗಿ ದಾಟಿದರು. ಯಾರೂ ಅಂಚಿಗೆ ಹೋಗಲಿಲ್ಲ. ಬರಿಯ ಪಟ್ಟೆ ತುಳಿಯಲು ಯಾರಿಗೆ ಪಾಪ?

ಎಂಜಿನಿಯರ್ ಸಾಹೇಬರು ನನ್ನ ಹತ್ತಿರ ಬಂದರು. "ಸ್ಪೀಡ್ ಕಮ್ಮಿ ಮಾಡಸಲಿಕ್ಕೆ ನಾವು ಏನೇನೋ ಓದೀವಿ ಅಕ್ಕಾರ. ಇದು ನಮ್ಮ ಯಾವ ಪುಸ್ತಕದಾಗೂ ಇಲ್ಲ" ಎಂದು ನಕ್ಕರು. "ಗ್ಯಾಪ್ ಇರ್ಲಿ. ಪೇಂಟ್, ಹಂಪ್ ಎರಡೂ ಮಾಡಸ್ತೀನಿ." ಮಾತಿಗೆ ತಪ್ಪಲಿಲ್ಲ. ದೀಪಾವಳಿಯೊಳಗೆ ಎರಡೂ ಆದವು. ನಂತರ ಬೇರೆ ವಾರ್ಡಿನವರೂ ಬಂದು ನೋಡಿ ಹೋದರು. ಅವರಿಗೆ ತೋರಿಸುತ್ತಾ ನಾನು ಸ್ವಲ್ಪ ಬೀಗಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದಿನಾ ಪೂಜೆಗೆ ಕುಳಿತಾಗ ದೇವರು ಕೊಟ್ಟ ಸಣ್ಣ ಸಣ್ಣ ಕರುಣೆಗಳನ್ನು ನೆನೆಯುವ ರೂಢಿ ನನಗೆ. ಅಂದು ಮಳೆ ಬರದಿದ್ದುದು ಒಂದು. ಅದರ ಹಿಂದಿನ ದಿನ ಲಾರಿಯ ಬ್ರೇಕು ಗಟ್ಟಿಯಿದ್ದುದು ಒಂದು. ಆದರೆ ಎಲ್ಲಕ್ಕಿಂತ ಮೊದಲು ಕಣ್ಣ ಮುಂದೆ ಬರುವುದು ಮಕ್ಕಳೆಲ್ಲ ದಾಟಿಯಾದ ಮೇಲಿನ ಗಳಿಗೆ. ಸುನಂದಾ ಕೈಗೆ ಹತ್ತಿದ ಬಿಳಿ ಪುಡಿಯನ್ನು ಸೀರೆಗೆ ಒರೆಸಿಕೊಂಡು, ರಿಪೇರಿ ಮಾಡಿಸಿದ ಸೈಕಲ್ ತಳ್ಳಿಕೊಂಡು ಪಟ್ಟೆಗೆ ಕಾಲಿಟ್ಟಳು. ಮೊಣಕಾಲಿನ ನೋವಿಗೆ ಆಕೆಯ ನಡಿಗೆ ಮೊದಲೇ ನಿಧಾನ. ಅಂದು ಆಕೆ ಅವಸರವನ್ನೂ ಮಾಡಲಿಲ್ಲ. ಆಕೆಯ ಕೈಯ ರಂಗೋಲಿಯ ಮುಂದೆ ಲಾರಿಗಳು ಸದ್ದಿಲ್ಲದೆ ಕಾಯುತ್ತಿದ್ದವು. ಆಕೆ ದಾರಿಯ ನಟ್ಟನಡುವೆ ನಡೆದುಹೋದಳು.