ವಾದ್ಯದ ಕೆಳಗೆ ಹೂತಿಟ್ಟ ಮಂತ್ರ

ಪುಟ್ಟತಾಯಮ್ಮನವರೇ, ಅಂದು ಕ್ಯಾಮೆರಾದ ಮುಂದೆ ನಿಮ್ಮ ಕೊರಳಿಗೆ ತಾಳಿ ಬಿದ್ದಾಗ ನಾನು ಮದುವೆಯ ಮಂತ್ರವನ್ನು ಹೇಳಿರಲಿಲ್ಲ. ಒಂದಕ್ಷರವನ್ನೂ ಹೇಳಿರಲಿಲ್ಲ. ಆದರೆ ನಿಮ್ಮನ್ನು ಸೊಸೆಯಾಗಿ ತಂದುಕೊಳ್ಳಬೇಕಾಗಿದ್ದ ಮನೆಯವರು ಬಂದು ಕೇಳಿದಾಗ, ಎಲ್ಲವನ್ನೂ ಹೇಳಿದ್ದೇನೆ ಎಂದೆ. ಆ ಸುಳ್ಳಿನಿಂದ ನಿಮ್ಮ ಮದುವೆ ಮುರಿಯಿತು. ಮತ್ತೆಂದೂ ಆಗಲಿಲ್ಲ.

ಈ ನಾಲ್ಕು ಸಾಲು ಬರೆಯಲು ನನಗೆ ಮೂವತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. ಈಗ ನನಗೆ ಎಂಬತ್ತೆರಡು. ಅಂದು ನಿಮ್ಮನ್ನು ಏಕವಚನದಲ್ಲಿ ಕರೆಯುತ್ತಿದ್ದೆ; ಇಂದು ಬಹುವಚನ ಬಳಸುತ್ತಿದ್ದೇನೆ. ಇದನ್ನು ಮರ್ಯಾದೆಯೆಂದು ತಿಳಿಯಬೇಡಿ — ಏಕವಚನದಲ್ಲಿ ಕರೆಯುವ ಸಲಿಗೆ ನನಗೆ ಉಳಿದಿಲ್ಲ, ಅಷ್ಟೆ.

ನಮ್ಮ ಶ್ರೀರಂಗಪಟ್ಟಣದ ಹೊಳೆಯ ದಡಕ್ಕೆ ಸಿನಿಮಾದವರು ಬರುವುದು ಆ ಕಾಲದಲ್ಲಿ ಹೊಸತೇನಲ್ಲ. ಅದೇ ಕಲ್ಲಿನ ಸೋಪಾನ, ಅದೇ ಮಂಟಪ. ಒಂದು ಚಿತ್ರದಲ್ಲಿ ನಾಯಕಿ ಆ ಮೆಟ್ಟಿಲಿನಿಂದ ಹೊಳೆಗೆ ಬೀಳುತ್ತಿದ್ದಳು, ಮತ್ತೊಂದರಲ್ಲಿ ಅದೇ ಮೆಟ್ಟಿಲ ಮೇಲೆ ಅವಳ ಮದುವೆಯಾಗುತ್ತಿತ್ತು. ಟೆಂಟಿನಲ್ಲಿ ಚಿತ್ರ ನೋಡುವಾಗ ನಮ್ಮ ಬೀದಿಯವರು ನಾಯಕನನ್ನು ಬಿಟ್ಟು, ಅವನ ಹಿಂದೆ ಹಾದುಹೋಗುವ ತಮ್ಮ ಎಮ್ಮೆಯನ್ನು ಗುರುತಿಸಿ ಕೇಕೆ ಹಾಕುತ್ತಿದ್ದರು. ದೇವಸ್ಥಾನದ ಮನೆತನದವನಾದ ನಾನು, ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವನು, ಎಂಟು ಹತ್ತು ಚಿತ್ರಗಳಲ್ಲಿ ಪುರೋಹಿತನಾಗಿ ಕುಳಿತಿದ್ದೇನೆ. ಇಂದಿಗೂ ಯಾವ ಮಂಟಪದ ಕಂಬ ಯಾವ ಚಿತ್ರದಲ್ಲಿ ಬಂದಿದೆ ಎಂದು ಕೇಳಿದರೆ ತಡವರಿಸದೆ ಹೇಳಬಲ್ಲೆ. ಹಾಗೆ ಹೇಳಬಲ್ಲೆನೆಂಬ ಹೆಮ್ಮೆಯೂ ಇತ್ತು — ಇರಲಿ.

ಸಿನಿಮಾ ಮದುವೆಗೆ ಕೂರುವ ನಮ್ಮಂಥವರಲ್ಲಿ ಒಂದು ಪದ್ಧತಿಯಿತ್ತು. ಸುಳ್ಳು ಹೋಮದ ಮುಂದೆ ಮದುವೆಯ ಮಂತ್ರವನ್ನು ಹೇಳಬಾರದು. ತುಟಿ ಆಡಬೇಕು, ಸ್ವರ ಕೇಳಬೇಕು, ಆದರೆ ಹೇಳುವುದು ಬೇರೆ ಏನಾದರೂ ಆಗಿರಬೇಕು. ಅಗ್ನಿಗೆ ನಟನೆ ತಿಳಿಯುವುದಿಲ್ಲ ಎಂದು ನನ್ನ ತಂದೆ ಹೇಳುತ್ತಿದ್ದರು. ಅವರು ಹೇಳಿದಂತೆಯೇ ನಾನು ನಡೆದುಕೊಂಡು ಬಂದಿದ್ದೆ.

ಆ ಸಲದ ನಿರ್ದೇಶಕರು ಮಾತ್ರ ಬೇರೆ ಬಗೆಯವರು. ಶಾಸ್ತ್ರೋಕ್ತವಾದ ಅಸಲಿ ಮದುವೆಯನ್ನು ತೆರೆಯ ಮೇಲೆ ತೋರಿಸಬೇಕು, ಮಂತ್ರ ನಿಜವಾದದ್ದೇ ಆಗಬೇಕು ಎಂದರು. ಆಗದು ಎಂದು ಹೇಳಬಹುದಾಗಿತ್ತು. ಆದರೆ ಅವರು ನನ್ನ ಹೆಸರನ್ನು ತೆರೆಯ ಮೇಲೆ ಒಂಟಿಯಾಗಿ ಹಾಕುತ್ತೇನೆಂದರು. ನಾನು ಒಪ್ಪಿ ತಲೆಯಾಡಿಸಿದೆ.

ಮಂತ್ರ ಅಸಲಿಯೆಂದು ತಿಳಿದ ಕೂಡಲೇ ನಾಯಕಿ ಎದ್ದುಬಿಟ್ಟರು. ‘ನಿಜವಾದ ಮಂತ್ರ ಅಂದ್ರೆ ನಾನು ಕೂರಲ್ಲ ಸಾರ್. ನಾಳೆ ನಂಗೂ ಮದುವೆ ಆಗ್ಬೇಕು.’ ಕೊನೆಗೆ ತಾಳಿ ಕಟ್ಟುವ ಕ್ಷಣಕ್ಕೆ ಮುಖ ಬೇಡ, ಬೇರೊಬ್ಬ ಹುಡುಗಿಯ ಕೊರಳು ಮತ್ತು ಕೈ ಸಾಕು ಎಂದು ತೀರ್ಮಾನವಾಯಿತು. ಯಾರಿದ್ದಾರೆ ಎಂದು ನಿರ್ದೇಶಕರು ಕೇಳಿದರು. ನಿಮ್ಮ ಹೆಸರು ಹೇಳಿದವನು ನಾನೇ. ಹಿಂದಿನ ತಿಂಗಳಷ್ಟೇ ಬೆಳಗೊಳದಲ್ಲಿ ನಿಮ್ಮ ಮನೆಯ ಹೊಸ ಬಾವಿಗೆ ಪುಣ್ಯಾಹ ಮಾಡಿಸಲು ಬಂದಿದ್ದೆ. ನೀವು ಕಳಶಕ್ಕೆ ನೀರು ತಂದಿಟ್ಟಿದ್ದಿರಿ.

ನಿಮ್ಮ ತಂದೆ ಕರೀಗೌಡರು ಮೊದಲು ನಕ್ಕರು. ‘ಏನ್ ಅಯ್ನೋರೆ, ತಮಾಸೆನಾ? ಯಾವನೋ ಸಿನಿಮಾದೋನ್ ಕೈಲಿ ನನ್ ಮಗ್ಳು ತಾಳಿ ಕಟ್ಟುಸ್ಕೊಳೋದಾ?’

‘ಮುಖ ಕಾಣುವುದಿಲ್ಲ ಗೌಡರೆ. ನಾನಿದ್ದೇನೆ.’

‘ನೀವಿದ್ಮ್ಯಾಕೆ ಬುಡಿ, ನಂಗೇನ್ ಬಯ.’

ಆ ಮಾತು — ಅದನ್ನು ಅವರು ಎಷ್ಟು ಹಗುರವಾಗಿ ಹೇಳಿದರೆಂದರೆ, ಹೆಗಲ ಮೇಲಿನ ವಸ್ತ್ರವನ್ನು ನನ್ನ ಕೈಗೆ ಕೊಟ್ಟಂತೆ. ಆ ನಂಬಿಕೆಯನ್ನು ನಾನು ಮೊದಲು ಉಳಿಸಿಕೊಂಡೆ. ಹೋಮದ ಮುಂದೆ ನಾನು ಹೇಳಿದ್ದು ಪುಣ್ಯಾಹವನ್ನು — ಮನೆ ಹೊಗುವಾಗ, ಬಾವಿ ತೋಡಿದಾಗ, ನೀರನ್ನು ಶುದ್ಧಿಮಾಡಲು ಹೇಳುವುದನ್ನು. ಅದನ್ನೇ ಮೂರು ಬಾರಿ ಹೇಳಿದೆ. ಕೈಹಿಡಿಸುವ ಪಾಣಿಗ್ರಹಣದ ಮಂತ್ರದ ಕಡೆಗೆ ಹೋಗಲೇ ಇಲ್ಲ. ಮೂರನೆಯ ಗಂಟು ಬಿದ್ದು, ನಿರ್ದೇಶಕರು ಸಾಕೆಂದು ಕೂಗಿದ ಮೇಲೆ ನೀವೇ ತಾಳಿಯನ್ನು ತೆಗೆದು ಚಿತ್ರದ ಉಡುಪು ನೋಡಿಕೊಳ್ಳುವವನ ಕೈಗಿಟ್ಟು, ‘ಇಷ್ಟೇಯಾ?’ ಎಂದು ಕೇಳಿದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿಗೆ ನಾನು ತಪ್ಪಿತಸ್ಥನಲ್ಲ. ನಿರ್ದೇಶಕರಿಗೆ ಮೋಸ ಮಾಡಿದೆನೆನ್ನಿ, ನಿಮಗೆ ಮಾಡಿರಲಿಲ್ಲ. ನನ್ನ ಬದುಕಿನಲ್ಲಿ ಧರ್ಮಕ್ಕೆ ಸರಿಯಾಗಿ ಮಾಡಿದ ಒಂದು ಕೆಲಸ ಅದು — ಅದನ್ನೇ ಬಚ್ಚಿಟ್ಟೆ.

ಚಿತ್ರ ತೆರೆ ಕಂಡಾಗ ನನ್ನ ಧ್ವನಿಯ ಮೇಲೆ ನಾಗಸ್ವರ ಮತ್ತು ಡೋಲು ತುಂಬಿದ್ದವು. ನಾನು ಹೇಳಿದ್ದು ಏನೆಂದು ತಿಳಿದವರಿಗೂ ಕೇಳುವಂತಿರಲಿಲ್ಲ. ಬಿಳಿಯ ಅಕ್ಷರದಲ್ಲಿ ನನ್ನ ಹೆಸರು ಮಾತ್ರ ಸ್ಪಷ್ಟವಾಗಿ ಬಂತು. ಜನ ನನ್ನನ್ನು ಸಿನಿಮಾ ಶಾಸ್ತ್ರಿಗಳು ಎನ್ನತೊಡಗಿದರು. ಪತ್ರಿಕೆಯೊಂದರವರು ಜಗಲಿಗೆ ಬಂದು ಕುಳಿತು ಕೇಳಿದಾಗ, ಅಕ್ಷರ ಬಿಡದೆ ವಿವಾಹಕರ್ಮವನ್ನು ನಡೆಸಿದ್ದೇನೆ ಎಂದೆ. ಭಾವಚಿತ್ರದ ಸಮೇತ ಅದು ಅಚ್ಚಾಯಿತು. ಅದನ್ನು ಓದುವಾಗ ನಾಚಿಕೆಯಾಯಿತೇ? ಇಲ್ಲ. ಎರಡು ಪ್ರತಿ ತರಿಸಿದೆ.

ಎರಡು ವರ್ಷದ ಮೇಲೆ, ಭಾನುವಾರ ಸಂಜೆಯ ಚಿತ್ರವಾಗಿ ಅದು ದೂರದರ್ಶನದಲ್ಲಿ ಬಂತು. ಆ ಸಂಜೆಗಳು ನಿಮಗೂ ನೆನಪಿರಬೇಕು. ಊರಿಗೆ ಮೂರೋ ನಾಲ್ಕೋ ಪೆಟ್ಟಿಗೆ. ಒಬ್ಬ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವುದು, ಒಳಗಿನಿಂದ ‘ಬಂತು, ಬಂತು, ಓಯ್ತು’ ಎಂದು ಕೂಗುವುದು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಅಷ್ಟರಲ್ಲಿ ನಿಮ್ಮ ಮದುವೆ ನಾಗಮಂಗಲದ ಕಡೆಯ ಹೊಣಕೆರೆಯ ಮನೆಯೊಂದಕ್ಕೆ ನಿಶ್ಚಯವಾಗಿತ್ತು. ತಾಳಿಯ ದೃಶ್ಯದಲ್ಲಿ ಕುಡುಗೋಲು ತಗುಲಿ ಆದ ನಿಮ್ಮ ಮಣಿಕಟ್ಟಿನ ಕಲೆ ಕಂಡು, ನಿಮ್ಮ ದೊಡ್ಡಪ್ಪನ ಮಗನೇ ಹಿಗ್ಗಿ ಕೂಗಿದನಂತೆ: ‘ಲೇ, ನಮ್ ಪುಟ್ತಾಯಿ ಕೈ ಕಣ್ಲಾ ಅದು!’ ಆ ಹಿಗ್ಗು ವಾರದೊಳಗೆ ಹೊಣಕೆರೆ ಮುಟ್ಟಿತು.

ವರನ ಚಿಕ್ಕಪ್ಪ ತಿಮ್ಮೇಗೌಡರು ಪತ್ರಿಕೆಯ ಆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಇನ್ನಿಬ್ಬರ ಜೊತೆ ನಮ್ಮ ಮನೆಗೆ ಬಂದರು. ನಿಮ್ಮ ತಂದೆಯವರೂ ನಿಮ್ಮನ್ನು ಕರೆದುಕೊಂಡು ಬಂದಿದ್ದರು. ನೀವು ಒಳಮನೆಯ ಬಾಗಿಲ ಹಿಂದೆ ನಿಂತಿದ್ದಿರಿ. ನಿಮ್ಮ ಸೀರೆಯ ಅಂಚು ನನಗೆ ಕಾಣುತ್ತಿತ್ತು. ನನ್ನ ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಯಾರೂ ಕುಡಿಯಲಿಲ್ಲ.

‘ನೋಡಿ ಅಯ್ನೋರೆ,’ ಎಂದರು ತಿಮ್ಮೇಗೌಡರು. ‘ಸಿನಿಮಾನೋ ಗಿನಿಮಾನೋ ನಮಗ್ಬೇಡ. ಮಂತ್ರ ಅಂದ್ರೆ ಮಂತ್ರ. ಪೂರ್ತಿ ಅಂದ್ರೋ, ಇಲ್ಲಾ ಏನಾರ ಅಂದ್ಬುಟ್ಟು ಎದ್ರೋ? ಅಷ್ಟ್ ಯೋಳ್ಬುಡಿ, ನಾವ್ ಓಯ್ತೀವಿ.’

ಒಂದೇ ವಾಕ್ಯ ಸಾಕಾಗಿತ್ತು. ಆದರೆ ಆ ವಾರವೇ ಇನ್ನೊಂದು ಕಾಗದ ಬಂದಿತ್ತು — ಪುರಾಣದ ಕಥೆಯನ್ನು ಟಿ.ವಿ. ಧಾರಾವಾಹಿ ಮಾಡುವವರಿಂದ. ‘ನಿಮ್ಮ ಸಂದರ್ಶನ ಓದಿದೆವು, ನಮಗೆ ವೈದಿಕ ಸಲಹೆಗಾರರಾಗಿ ಬನ್ನಿ’ ಎಂದು. ಆ ಕಾಗದ ಗೂಡಿನಲ್ಲಿ, ದೇವರ ಪಟದ ಪಕ್ಕದಲ್ಲಿತ್ತು. ತಿಮ್ಮೇಗೌಡರ ಹಾಳೆಯನ್ನೂ ಗೂಡನ್ನೂ ಒಮ್ಮೆ ನೋಡಿದೆ.

‘ಒಂದಕ್ಷರವನ್ನೂ ಬಿಟ್ಟಿಲ್ಲ’ ಎಂದೆ.

ಕರೀಗೌಡರು ಎದ್ದು ನಿಂತರು. ‘ಅಯ್ನೋರೆ... ನಾನಿದ್ದೀನಿ ಅಂದಿದ್ದು ನೀವೇ ಅಲ್ವಾ?’

ಅದಕ್ಕೆ ನಾನು ಆಡಿದ ಮಾತು ಮೊದಲಿನದಕ್ಕಿಂತ ಹೀನವಾದದ್ದು. ಅಭಿನಯಕ್ಕೆ ದೋಷ ಅಷ್ಟಾಗಿ ಇಲ್ಲ, ಒಂದು ಶಾಂತಿ ಮಾಡಿಸಿದರೆ ಪರಿಹಾರವಾಗುತ್ತದೆ ಎಂದೆ. ಇಲ್ಲದ ದೋಷಕ್ಕೆ ಪರಿಹಾರ! ಹಾಗೆಂದು ನಾನೇ ಅದನ್ನು ದೋಷವೆಂದು ಒಪ್ಪಿಕೊಟ್ಟೆ.

‘ಸಾಂತಿ ಗೀಂತಿ ನಿಮ್ಮಟ್ಟಿಲೇ ಮಡೀಕಳಿ,’ ತಿಮ್ಮೇಗೌಡರು ವಸ್ತ್ರ ಕೊಡವಿದರು. ‘ತಾಳಿ ಬಿದ್ದ ಎಣ್ಣ ಮನೆ ತುಂಬುಸ್ಕೊಳಕಾಯ್ತದಾ? ಎದ್ದೇಳ್ರಲಾ, ಓಗಾನ.’

ಬಾಗಿಲ ಹಿಂದಿನ ಸೀರೆಯ ಅಂಚು ಅಲುಗಲಿಲ್ಲ. ಅದು ಅಲುಗಿದ್ದರೆ, ಒಂದು ಬಿಕ್ಕು ಕೇಳಿದ್ದರೆ... ಇಲ್ಲ, ಹಾಗೆ ಬರೆಯುವುದೂ ತಪ್ಪು. ಏನು ಕೇಳಿದ್ದರೂ ನಾನು ಬಾಯಿ ತೆರೆಯುತ್ತಿರಲಿಲ್ಲ.

ಧಾರಾವಾಹಿಯ ಕೆಲಸ ನಾಲ್ಕು ವರ್ಷ ನಡೆಯಿತು. ಶಾಲು, ಹಾರ, ಫಲಕ ಎಲ್ಲ ಬಂದವು. ನಿಮ್ಮನ್ನು ನೋಡಲು ಕೃಷ್ಣರಾಜಪೇಟೆಯ ಕಡೆಯಿಂದ ಒಬ್ಬರು, ಪಾಂಡವಪುರದಿಂದ ಇಬ್ಬರು ಬಂದು ಹೋದರೆಂದು ಕೇಳಿದೆ. ಬೆಳಗೊಳ ಮುಟ್ಟುವ ಮೊದಲೇ ಅವರಿಗೆ ತಾಳಿ ಬಿದ್ದ ಹೆಣ್ಣೆಂಬ ಮಾತು ಸಿಕ್ಕಿತ್ತು. ನಿಮ್ಮ ತಂದೆ ಮತ್ತೆ ನಮ್ಮ ಜಗಲಿ ಹತ್ತಲಿಲ್ಲ. ಅವರು ತೀರಿಕೊಂಡಾಗಲೂ ನನಗೆ ಹೇಳಿ ಕಳುಹಿಸಲಿಲ್ಲ. ಬೇರೊಬ್ಬರು ಕ್ರಿಯೆ ಮಾಡಿಸಿದರು. ನಾನು ದಿನವೂ ತಪ್ಪದೆ ಸಂಧ್ಯೆಯನ್ನು ಮಾಡಿದೆ. ದಿನವೂ ಅರ್ಘ್ಯ ಕೊಟ್ಟ ಕೈಯಿಂದ ಒಂದು ಕಾರ್ಡು ಬರೆಯಬಹುದಾಗಿತ್ತು — ಬರೆಯಲಿಲ್ಲ.

ಹೋದ ತಿಂಗಳು ನಿಮ್ಮ ತಮ್ಮನ ಮಗಳು ಸಿಂಚನ ಬಂದಳು. ಪಾಂಡವಪುರದ ಕಾಲೇಜಿನಲ್ಲಿ ಓದುತ್ತಾಳೆ, ಹಿಪ್ ಹಾಪ್ ಹಾಡುತ್ತಾಳೆ ಎಂದಳು. ನನಗೆ ಆ ಹಾಡಿಕೆ ತಿಳಿಯದು. ಆದರೆ ತಾಳಕ್ಕೆ ಮಾತು ಕೂರಿಸಿ, ಪ್ರಾಸದ ಮೇಲೆ ಪ್ರಾಸ ಹೆಣೆದು ಅವಳು ಒಂದಿಷ್ಟು ನುಡಿದಾಗ, ಪಾಠಶಾಲೆಯಲ್ಲಿ ನಾನು ಇಂಥ ನಾಲಗೆಯನ್ನು ಕಂಡಿರಲಿಲ್ಲ ಎನಿಸಿತು.

‘ಅಳೇ ಸಿನಿಮಾದ ಸೌಂಡ್ ಕತ್ತರಿಸಿ ಬೀಟ್ ಮೇಲೆ ಕೂರುಸ್ತೀವಿ ತಾತ. ಆ ಮದುವೆ ಸೀನು ನಮ್ ಉಡುಗ್ರಿಗೆಲ್ಲ ಗೊತ್ತು. ಆ ಕೈ ಈರೋಯಿನ್‌ದಲ್ಲ ಅಂತ ಕ್ವಿಜ್ ಕೇಳ್ತಾರೆ. ನಮ್ಮತ್ತೆ ಕೈ ಅಂತ ನಂಗೊಬ್ಳಿಗೇ ಗೊತ್ತು.’ ಮೊಬೈಲು ತೆಗೆದಳು. ‘ಈಗ ವಾದ್ಯ ಬೇರೆ, ಗಂಟ್ಲು ಬೇರೆ ಮಾಡ್ಬೋದು. ಕೇಳಿ.’

ನಾಗಸ್ವರವಿಲ್ಲ. ಡೋಲಿಲ್ಲ. ಐವತ್ತು ದಾಟಿರದ ನನ್ನ ಅಂದಿನ ಗಂಟಲು, ಒಂಟಿಯಾಗಿ, ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ — ಪುಣ್ಯಾಹ.

‘ಅತ್ತೆಗೂ ಕೇಳುಸ್ದೆ,’ ಎಂದಳು ಸಿಂಚನ. ಅವಳ ಧ್ವನಿ ಬದಲಾಗಿತ್ತು. ‘ಇದು ಮದುವೆ ಮಂತ್ರ ಅಲ್ಲ ಕಣವ್ವ, ನಮ್ ಬಾವಿ ಪೂಜೆದು ಅಂದ್ರು. ಅವತ್ತು ಓಮದ್ ಒಗೆ ಮುಂದೆ ಕುಂತಾಗ್ಲೇ ಗೊತ್ತಾಗಿತ್ತಂತೆ. ನಿಮ್ ಬಾಗ್ಲಿಂದೆ ನಿಂತಿದ್ದಾಗ, ಅಯ್ನೋರು ಈಗ ಯೋಳ್ತಾರೆ, ಈಗ ಯೋಳ್ತಾರೆ ಅಂತ ಕಾಯ್ಕೊಂಡಿದ್ರಂತೆ. ಅಯ್ನೋರ್ ಮಾತಿನ್ ಮುಂದೆ ನನ್ ಮಾತ್ ಯಾರ್ ಕೇಳೋರು ಅಂದ್ರು. ಔದಾ ಅಂತ ಒಂದ್ ಮಾತು ಕೇಳ್ಕಂಡ್ ಬಾ ಅಂದವ್ರೆ. ಔದಾ ತಾತ?’

ಪುಟ್ಟತಾಯಮ್ಮನವರೇ, ಇಷ್ಟು ವರ್ಷ ನೀವು ತಿಳಿಯದೆ ನೊಂದಿರಿ ಎಂದುಕೊಂಡಿದ್ದೆ. ನೀವು ತಿಳಿದು ನೊಂದಿರಿ. ಆ ಬಾಗಿಲ ಹಿಂದೆ ನಿಂತಿದ್ದ ಹತ್ತೊಂಬತ್ತರ ಹುಡುಗಿ ನನ್ನ ಸುಳ್ಳನ್ನು ಸುಳ್ಳೆಂದೇ ಕೇಳಿಸಿಕೊಂಡಿದ್ದಳು.

ಆಗಲಾದರೂ ನಾನು ಹೌದೆಂದೆನೇ? ‘ವಯಸ್ಸಾಯಿತಮ್ಮ, ನೆನಪಿಲ್ಲ’ ಎಂದೆ.

ನಿಮ್ಮ ಸಿಂಚನ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ‘ವೇದ ಎಲ್ಲ ನೆನಪೈತೆ, ಇದೊಂದ್ ಮರ್ತೋಯ್ತಾ ತಾತ?’ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎಂಬತ್ತೆರಡರಲ್ಲಿ, ಸಂಧ್ಯೆಯ ಜಲ ಇನ್ನೂ ಅಂಗೈಯಲ್ಲಿ ಆರದಿರುವಾಗ, ನಿಮ್ಮವರ ಮುಂದೆ ಎರಡನೆಯ ಸಲ ಸುಳ್ಳಾಡಿದೆ. ಮೊದಲನೆಯ ಸಲ ಕೀರ್ತಿಯ ಆಸೆ ಎನ್ನಬಹುದಾಗಿತ್ತು. ಎರಡನೆಯದಕ್ಕೆ ಯಾವ ಹೆಸರೂ ಇಲ್ಲ.

ಹೌದು, ತಾಯಿ. ಅದು ನಿಮ್ಮ ಬಾವಿಗೆ ಹೇಳಿದ ಮಂತ್ರವೇ. ನಿಮ್ಮ ಕೊರಳಿಗೆ ಬಿದ್ದದ್ದು ಬರೀ ಅರಿಸಿನದ ದಾರ.

ಕ್ಷಮೆಯನ್ನು ಕೇಳುವುದಿಲ್ಲ. ಕೇಳಿದರೆ ಕೊಡುವ ಭಾರವೂ ನಿಮ್ಮ ಮೇಲೆಯೇ ಬೀಳುತ್ತದೆ. ಸಿಂಚನ ನನ್ನ ಧ್ವನಿಯನ್ನು ಬಳಸಿಕೊಳ್ಳಲಿ. ಅದು ಏನು, ಏನಲ್ಲ ಎಂಬುದನ್ನು ಹಾಡಿನ ಮೊದಲಿಗೆ ನನ್ನ ಹೆಸರು ಹಿಡಿದೇ ಹೇಳಲಿ. ತಿಮ್ಮೇಗೌಡರಿಲ್ಲ, ನಿಮ್ಮ ತಂದೆಯಿಲ್ಲ. ಆದರೆ ತಾಳಿ ಬಿದ್ದ ಹೆಣ್ಣು ಎಂಬ ಮಾತನ್ನು ಬಾಯಿಂದ ಬಾಯಿಗೆ ದಾಟಿಸಿದ ಬೀದಿ ಇದೆ.

ಶುಕ್ರವಾರ ಬೆಳಿಗ್ಗೆ, ಊರವರೆಲ್ಲ ಡೈರಿಗೆ ಹಾಲು ಹಾಕಲು ನಿಂತಿರುವ ಹೊತ್ತಿಗೆ ಬೆಳಗೊಳಕ್ಕೆ ಬರುತ್ತೇನೆ. ನೀವು ಬಾಗಿಲು ತೆರೆಯಬೇಕಾಗಿಲ್ಲ, ಮುಖ ತೋರಿಸಬೇಕಾಗಿಲ್ಲ. ಹೊರಗೆ ನಿಂತು ಹೇಳುತ್ತೇನೆ — ಬೀದಿಯ ಕೊನೆಯ ಮನೆಗೂ ಕೇಳುವಷ್ಟು ಗಟ್ಟಿಯಾಗಿ.