ಬೆಳ್ಳಿಯ ಚೌಕಾಸಿ, ದಿವ್ಯಾಳ ಗಿಟಾರು

ಆರಿಸುವುದೇ ದಿವ್ಯಾಳ ಕಸುಬು. ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಡೀ ಬೀಜ ಒಂದು ಕಡೆ, ಹೋಳು ಇನ್ನೊಂದು ಕಡೆ, ನುಚ್ಚು ಮತ್ತೊಂದು ಕಡೆ. ಆದರೆ ತನಗಾಗಿ ಏನನ್ನಾದರೂ ಆರಿಸಿಕೊಳ್ಳುವ ಭಾಗ್ಯ ಮಾತ್ರ ಅವಳಿಗೆ ಬಂದಿರಲಿಲ್ಲ. ಫೋನು ಅಣ್ಣ ತಂದದ್ದು, ಹಬ್ಬದ ಸೀರೆ ಅತ್ತಿಗೆ ಮೆಚ್ಚಿದ್ದು, ನೋಡಲು ಬರುವ ಗಂಡುಗಳು ಊರವರ ಆಯ್ಕೆ. ಬಾರಿಸುವ ಗಿಟಾರು ಕೂಡ ಬೇರೆಯವರದ್ದೇ. ಭಾನುವಾರ ಬಸ್ರೂರಿಗೆ ಹೋಗಿ, ಗೆಳೆಯ ಅನೂಪ ಎಷ್ಟು ಹೊತ್ತು ಬಿಟ್ಟರೆ ಅಷ್ಟು ಹೊತ್ತು. ಅದೂ ಗೋಡೆ ಅದುರುವ ಹೆವಿ ರಾಕು, ಭಾವಗೀತೆಯಲ್ಲ. ಈ ಸಲ ಬೋನಸ್ಸು ಬಂದಾಗ ಅವಳು ಹಟ ಹಿಡಿದಳು. ಗಿಟಾರು ನನ್ನದು, ಆರಿಸುವುದೂ ನಾನೇ.

ಹಾಗೆಂದರೆ ಅಮ್ಮ ಬೆಳ್ಳಿ ಬಿಟ್ಟಾಳೆಯೇ? ಅವಳು ಕಡಲತಡಿಯ ಕೋಡಿಯಿಂದ ಪೇಟೆಗೆ ಬುಟ್ಟಿ ಹೊತ್ತು ಮೀನು ಮಾರಿ ಮಕ್ಕಳನ್ನು ಸಾಕಿದವಳು. "ನೀ ಒಬ್ಳೇ ಹೋರೆ ಅಂಗ್ಡಿಯವ ಟೋಪಿ ಹಾಕ್ತ ಹೆಣೆ, ನಾನೂ ಬತ್ತೆ" ಎಂದು ಹೊರಟೇಬಿಟ್ಟಳು.

ಪೇಟೆಯ ವಾದ್ಯದಂಗಡಿಯ ರವಿಶಂಕರ್ ಮೊದಲು ಇಳಿಸಿದ್ದು ಫಳಫಳ ಹೊಳೆಯುವ ಕೆಂಪು ಗಿಟಾರು. "ಹೆಣ್ಮಕ್ಕಳಿಗೆ ಹಗುರ. ಚೀಲ ಫ್ರೀ" ಎಂದ. ತಂತಿ ಕೂರುವ ಅದರ ಬ್ರಿಜ್ಜಿಗೆ ಸ್ಪ್ರಿಂಗು, ಎಳೆದಾಡಲು ಒಂದು ಸರಳು. ಹೆವಿ ರಾಕಿಗೆ ಬೇಕಾದಂತೆ ದಿವ್ಯಾ ದಪ್ಪ ತಂತಿಯ ಸ್ವರ ಇಳಿಸಿದಳು. ಒಂದು ಇಳಿದದ್ದೇ ತಡ, ಉಳಿದವೂ ಶ್ರುತಿ ತಪ್ಪಿದವು. "ಬ್ರಿಜ್ಜು ಅಲುಗಾಡದ್ದು ಕೊಡಿ, ಸದ್ದು ಹಿಡಿಯುವ ಪಿಕಪ್ಪು ದಪ್ಪದ್ದು ಇರಲಿ" ಎಂದರೆ ಅವನು ಅದೇ ಸ್ಪ್ರಿಂಗಿನ ನೀಲಿಯದನ್ನು ಇಳಿಸಿದ. ಆಮೇಲೆ ಹೂವಿನ ಚಿತ್ರದ್ದು. ಇವನ ಕಿವಿಗೆ ಏನು ಬಡಿದಿತ್ತೋ!

ಕೊನೆಗೆ ಮೂಲೆಯಲ್ಲಿದ್ದ ಕಪ್ಪು ಗಿಟಾರನ್ನು ಅವಳೇ ಇಳಿಸಿಕೊಂಡಳು. ಒಂದು ಕಣ್ಣು ಮುಚ್ಚಿ, ಅದರ ಕತ್ತು ಡೊಂಕಾಗಿಲ್ಲವೆಂದು ನೋಡಿದಳು. ಸ್ಪೀಕರಿಗೆ ವಯರು ಸಿಕ್ಕಿಸಿ, ದಪ್ಪ ತಂತಿ ಇಳಿಸಿ, ಬಲವಾಗಿ ಹೊಡೆದಳು. ಗಾಜಿನ ಕಪಾಟು ನಡುಗಿತು, ಶ್ರುತಿ ಕದಲಲಿಲ್ಲ. ಬೆಲೆಯೂ ಬೋನಸ್ಸಿನೊಳಗೇ ಇತ್ತು. ದಿವ್ಯಾ ಖುಷಿಯಿಂದ ಪರ್ಸಿಗೆ ಕೈ ಹಾಕಿದಳು.

ಅಷ್ಟರಲ್ಲಿ ಬೆಳ್ಳಿ ಬಾಯಿ ಹಾಕಿದಳು. "ಇದೆಂತ ಮಾರಾಯ್ರೆ, ಮೂಲೆಗ್ ಬಿದ್ದದ್ದ್. ಬಣ್ಣ ಇಲ್ಲೆ, ಚಂದ ಇಲ್ಲೆ. ಅರ್ಧಕ್ಕೆ ಕೊಡಿ."

ಮೀನು ಮಾರುಕಟ್ಟೆಯ ಕ್ರಮವೇ ಹಾಗೆ. ಇಷ್ಟವಾದ ಮೀನನ್ನು ಮೊದಲು ಹಳಿಯಬೇಕು, ಆಮೇಲೆ ಬಿಟ್ಟು ನಡೆಯಬೇಕು. ಮಾರುವವರು ಹಿಂದಿನಿಂದ ಕರೆದೇ ಕರೆಯುತ್ತಾರೆ.

"ಫಿಕ್ಸೆಡ್ ರೇಟ್ ಅಮ್ಮ" ಎಂದ ರವಿಶಂಕರ್.

ಬೆಳ್ಳಿ ಮಗಳ ರಟ್ಟೆ ಹಿಡಿದು ಹೊರಗೆಳೆದಳು. "ಹಿಂದೆ ತಿರ್ಗಿ ಕಾಂಬುಕಾಗ. ಈಗ ಕರಿತ."

ಕರೆಯಲಿಲ್ಲ. ಮೆಟ್ಟಿಲು ಇಳಿದರು, ಬೇಕರಿ ದಾಟಿದರು, ಶಾಸ್ತ್ರಿ ಸರ್ಕಲ್ ಬಂತು. ಬೆಳ್ಳಿ ಇನ್ನೂ ಕಿವಿ ಹಿಂದಕ್ಕಿಟ್ಟುಕೊಂಡೇ ನಡೆಯುತ್ತಿದ್ದಳು. ದಿವ್ಯಾಳ ಪಿತ್ತ ನೆತ್ತಿಗೇರಿತು.

"ಅಮ್ಮಾ, ಅದ್ ಬಂಗ್ಡಿ ಮೀನ್ ಅಲ್ಲ! ಹೊತ್ತ್ ಇಳ್ದ್ರೆ ಹಾಳಾತ್ತಿಲ್ಲೆ. ಅವ ಎಂತಕ್ಕೆ ಕರಿತ?"

"ತಿರ್ಗಿ ಹೋರೆ ನನ್ ಮರ್ಯಾದಿ ಎಂತ ಆತ್ತ್?"

"ಹೋಯ್ಲಿ!" ಎಂದು ಕೈ ಕೊಡವಿ ದಿವ್ಯಾ ಓಡಿದಳು.

ಅಂಗಡಿಯಲ್ಲಿ ಕಪ್ಪು ಗಿಟಾರು ಯಾರೋ ಗಡ್ಡದವನ ಹೆಗಲೇರಿತ್ತು. ಪುಣ್ಯಕ್ಕೆ ಅವನು "ಭಾರ ಉಂಟು" ಎಂದು ಇಳಿಸತೊಡಗಿದ. ಅವನು ಪೂರ್ತಿ ಇಳಿಸುವ ಮೊದಲೇ ಅವಳು ಹಿಡಿದುಕೊಂಡಳು. ಪೂರ್ತಿ ಬೆಲೆ ಕೊಟ್ಟಳು. ಚೀಲ ಕೆಂಪಿಗೆ ಮಾತ್ರ ಫ್ರೀಯಂತೆ!

ಸರ್ಕಲ್ಲಿನಲ್ಲೇ ಕಾದಿದ್ದ ಬೆಳ್ಳಿಯೊಂದಿಗೆ ಅವಳು ಬಸ್ಸು ಹತ್ತಿದಳು. ಮನೆ ಮುಟ್ಟುವಾಗ ಪಕ್ಕದ ಮನೆಯ ಕುಸುಮಕ್ಕ ಬೇಲಿಗೇ ಬಂದು ನಿಂತಿದ್ದಳು. "ಹ್ವಾಯ್ ಬೆಳ್ಳಕ್ಕ, ಎಷ್ಟಾಯ್ತ್?"

ಬೆಳ್ಳಿ ಕಣ್ಣು ಮಿಟುಕಿಸದೆ ಸರೀ ಅರ್ಧ ಬೆಲೆ ಹೇಳಿದಳು. "ನಾವ್ ಬಿಟ್ ನಡ್ದದ್ದೇ, ಅವ ಓಡಿ ಬಂದ್ ಕರ್ದ."

ದಿವ್ಯಾಳಿಗೆ ಗಿಟಾರನ್ನು ಅಲ್ಲೇ ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು. ಇನ್ನು ಆರಿಸಿದ್ದೂ ತಾನೇ ಎನ್ನುತ್ತಾಳೆ, ಹೇಳಲಿ ನೋಡುವ, ಎಂದು ಹಲ್ಲು ಕಚ್ಚಿ ನಿಂತಳು.

"ನೀನೇ ಆರ್ಸದ್ದಾ ಇದ್?" ಕುಸುಮಕ್ಕ ಬೆಳ್ಳಿಯನ್ನು ಕೇಳಿಯೇಬಿಟ್ಟಳು.

ಬೆಳ್ಳಿ ಗಿಟಾರನ್ನು ನೋಡಿದಳು, ಮಗಳನ್ನು ನೋಡಿದಳು. "ನಂಗ್ ಅದ್ರದ್ದ್ ಎಂತ ಗೊತ್ತಿತ್ತ್? ಆರ್ಸದ್ದ್ ಅವ್ಳೇ. ಅಂಗ್ಡಿಯವ್ನಿಗೇ ಕಾಣದ್ದ್ ಅವ್ಳಿಗ್ ಕಂಡಿತ್."

ಬೆಲೆಯ ಸುಳ್ಳನ್ನು ಬಯಲು ಮಾಡಲು ತೆರೆದಿದ್ದ ಬಾಯಿಯನ್ನು ದಿವ್ಯಾ ಮುಚ್ಚಿಕೊಂಡಳು.